ವಿಭೂತಿಯ ಮೇಲಿನ ನಾಲ್ಕನೆಯ ಗೆರೆ

ಬಳ್ಳಾರಿಯ ಜಡೆಪ್ಪ ಮೇಸ್ತ್ರಿಗೆ ಒಂದು ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಇಂಜಿನ್ ರಿಪೇರಿಗೆ ತಂದವರು ಯಾರಾದರೂ, "ಬಿರುಕು ಎಲ್ಲೈತಿ? ನನಗೇನೂ ಕಾಣವಲ್ದಲ್ಲ" ಅಂದರೆ ಸಾಕು, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಬಿರುಕೇನು ನಿನ್ನ ಬೀಗತಿಯೇನಲೇ, ಬಂದ ಕೂಡ್ಲೇ ಎದುರಿಗೆ ನಿಂತು ಮಾತಾಡ್ಸಾಕ?" ಎಂದು ಶುರುಮಾಡುತ್ತಿದ್ದ.

ಬೀಡು ಕಬ್ಬಿಣದ ಬಿರುಕು ತಾನಾಗಿ ಕಾಣುವುದಿಲ್ಲ, ಅದನ್ನು ಕಾಣಿಸಬೇಕು ಎಂಬುದು ಅವನ ಅಂಗಡಿಯ ಕಾನೂನು. ಸಂಶಯ ಬಂದ ಜಾಗಕ್ಕೆ ಸೀಮೆಎಣ್ಣೆ ಬಳಿಯಬೇಕು. ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು, ಒಣಬಟ್ಟೆಯಿಂದ ಒಂದು ಹನಿ ಉಳಿಯದಂತೆ ಒರೆಸಬೇಕು. ಆಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ ಬಾಯಿ ಮುಚ್ಚಿಕೊಂಡು ಕೂರಬೇಕು. ಬಿರುಕು ಇದ್ದರೆ ಅದರೊಳಗೆ ಇಳಿದಿದ್ದ ಸೀಮೆಎಣ್ಣೆ ಮೆಲ್ಲಗೆ ಹೊರಗೆ ಬಂದು, ಬಿಳಿಯ ಪುಡಿಯ ಮೇಲೆ ಕಪ್ಪಗೆ ಒಂದು ಗೆರೆ ಎಳೆಯುತ್ತದೆ. ಇದನ್ನು ಅವನು ನೂರಾರು ಜನಕ್ಕೆ ಮಾಡಿ ತೋರಿಸಿದ್ದ.

ಇಂಥ ಜಡೆಪ್ಪ ಹನ್ನೊಂದು ವರ್ಷ ಒಂದು ಬಿರುಕಿಗೆ ಭಕ್ತಿಯಿಂದ ಕೈಮುಗಿದು ನಿಂತಿದ್ದ ಎಂದರೆ ಯಾರೂ ನಂಬುವುದಿಲ್ಲ. ಆದರೆ ನಡೆದದ್ದು ಹಾಗೆಯೇ.

1963ರಲ್ಲಿ ಅವನು ಕೌಲ್‌ಬಜಾರಿನಲ್ಲಿ ತಗಡಿನ ಶೆಡ್ಡು ಹಾಕಿ ಸ್ವಂತ ಕೆಲಸ ಹಿಡಿದು ಮೂರು ತಿಂಗಳಾಗಿತ್ತು. ಗಿರಾಕಿಗಳಿಲ್ಲದೆ ನೊಣ ಹೊಡೆಯುತ್ತ ಕೂತಿದ್ದಾಗ, ಕುರುಗೋಡು ಕಡೆಯ ಬಾದನಹಟ್ಟಿಯಿಂದ ಅಕ್ಕಿ ಗಿರಣಿಯ ತಿಪ್ಪೇರುದ್ರಪ್ಪ ಸಾಹುಕಾರರು ಹುಡುಕಿಕೊಂಡು ಬಂದರು. ಮುಚ್ಚಿಹೋದ ಒಂದು ಹತ್ತಿ ಫ್ಯಾಕ್ಟರಿಯಿಂದ ಅವರು ಕೊಂಡಿದ್ದ ಸೀಮೆ ಇಂಜಿನ್ ಒಂದಿತ್ತು. ಎರಡನೆಯ ಮಹಾಯುದ್ಧಕ್ಕೂ ಮುಂಚಿನದು, ಆಳೆತ್ತರದ್ದು, ಒಂದೇ ಸಿಲಿಂಡರಿನದು. ಹದಿನಾರು ಎಚ್‌ಪಿ ಅಷ್ಟೆ. ಭತ್ತ ಸ್ವಲ್ಪ ಜಾಸ್ತಿ ಸುರಿದರೆ ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ಅದನ್ನು ಇಪ್ಪತ್ತಕ್ಕೆ ಏರಿಸಬೇಕು ಎಂದು ಸಾಹುಕಾರರ ಆಸೆ. ಹಳೆಯ ಮೇಸ್ತ್ರಿಗಳೆಲ್ಲ ಆಗೋದಿಲ್ಲ ಎಂದು ಕೈಚೆಲ್ಲಿದ್ದರು. ಬಿಸಿರಕ್ತದ ಜಡೆಪ್ಪ ಮಾತ್ರ ಆಗುತ್ತದೆ ಎಂದ. ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಅಗಲ ಮಾಡಿದ, ದೊಡ್ಡ ಪಿಸ್ಟನ್ ಕೂರಿಸಿದ, ಡೀಸೆಲ್ ಹೆಚ್ಚು ಕುಡಿಸಿದ. ಇಂಜಿನ್ ಇಪ್ಪತ್ತಕ್ಕೆ ಏರಿತು.

ಆ ಕೆಲಸ ನಡೆದಷ್ಟು ದಿನವೂ ಸಾಹುಕಾರರು ಶೆಡ್ಡಿನಲ್ಲೇ ಸ್ಟೂಲು ಹಾಕಿಕೊಂಡು ಕೂತು, ಇದು ಯಾಕೆ, ಅದು ಹೇಗೆ ಎಂದು ಕೇಳುತ್ತಿದ್ದರು. ಕೇಳುವವರು ಸಿಕ್ಕರೆ ಜಡೆಪ್ಪನಿಗೂ ಉತ್ಸಾಹ. ಪಕ್ಕದಲ್ಲಿದ್ದ ಲಾರಿಯ ಇಂಜಿನ್ ಬ್ಲಾಕಿಗೆ ಸೀಮೆಎಣ್ಣೆ, ಸೀಮೆಸುಣ್ಣ ಹಚ್ಚಿ ಬಿರುಕು ತೋರಿಸಿದ. "ಬಿರುಕು ಕಂಡ್ರ ಅದರ ತುದಿ ಬಾಜೂಕ ಪಂಚ್ ಇಟ್ಟು ಒಂದು ಚುಕ್ಕಿ ಹೊಡೀಬೇಕ್ರಿ ಸಾವ್ಕಾರ್ರ. ಮುಂದ ಅದು ಚುಕ್ಕಿ ದಾಟಿದ್ರ ಬೆಳೀತೈತಿ ಅಂತ ಗೊತ್ತಾಕೈತಿ" ಎಂದ. ಸಾಹುಕಾರರು ಆ ಚೂಪು ಮೊನೆಯ ಪಂಚನ್ನು ಮಕ್ಕಳ ಹಾಗೆ ಕಾಡಿ ಬೇಡಿ ಇಸಿದುಕೊಂಡು ಹೋಗಿದ್ದರು. ಅಕ್ಕಿ ಮಾಡುವವರಿಗೆ ಪಂಚ್ ಯಾತಕ್ಕೆ ಎಂದು ಜಡೆಪ್ಪ ನಕ್ಕಿದ್ದ.

ಆ ವರ್ಷದ ಆಯುಧಪೂಜೆಗೆ ಬಾದನಹಟ್ಟಿಯಲ್ಲಿ ಜಡೆಪ್ಪನಿಗೆ ಅಳಿಯನ ಮರ್ಯಾದೆ. ಇಂಜಿನ್ನಿನ ಸಿಲಿಂಡರು ಕೆಳಗಿನ ಬುಡದ ಪೆಟ್ಟಿಗೆಯನ್ನು ಕೂಡುವ ಜಾಗಕ್ಕೆ ಹೆಗಲು ಅನ್ನುತ್ತಾರೆ. ಆ ಹೆಗಲಿನ ಮೇಲೆ ಸಾಹುಕಾರರು ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಹೂವು ಏರಿಸಿ ಇಂಜಿನ್ ಚಾಲೂ ಮಾಡಿಸಿದರು. ಗಳಿಗೆ ಹೊತ್ತು ಕಳೆದಿರಬೇಕು, ಮೂರು ಬಿಳಿಯ ಗೆರೆಗಳ ಮೇಲೆ ಓರೆಯಾಗಿ ನಾಲ್ಕನೆಯದೊಂದು ಕಪ್ಪು ಗೆರೆ ತನ್ನಷ್ಟಕ್ಕೆ ತಾನೇ ಮೂಡಿತು. ನೆರೆದವರೆಲ್ಲ ಮುಂದಕ್ಕೆ ಒತ್ತಿಕೊಂಡು ಬಂದರು. ತಿಪ್ಪೇರುದ್ರಪ್ಪ ಬಗ್ಗಿ ನೋಡಿದರು. ಬೆರಳಿನಿಂದ ಗೆರೆಯನ್ನು ಮುಟ್ಟಿ, ಆ ಬೆರಳನ್ನು ಮುಖದ ಹತ್ತಿರ ತಂದು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತರು. ಒಮ್ಮೆ ಜಡೆಪ್ಪನ ಮುಖ ನೋಡಿದರು. ಆಮೇಲೆ ಎಲ್ಲರ ಕಡೆ ತಿರುಗಿ ಹೇಳಿದರು:

"ಸ್ವಾಮಿ ಮೂಡ್ಯಾನ. ಸಾಕು ಅನ್ನಾಕತ್ಯಾನ. ಇನ್ನ ಮ್ಯಾಲ ದಿನಾ ಬೆಳಿಗ್ಗೆ ವಿಭೂತಿ ಹಚ್ಚೇ ಇಂಜಿನ್ ಚಾಲೂ ಮಾಡಬೇಕು. ಗೆರಿ ಮೂಡ್ತಂದ್ರ ಅವತ್ತಿನ ಕೆಲಸ ಬಂದ್. ಯಾರೇ ಬಂದು ಕಾಲು ಹಿಡಿದ್ರೂ ಬಂದ್."

ಎಲ್ಲರೂ ಕೈಮುಗಿದರು. ಜಡೆಪ್ಪನೂ ಮುಗಿದ. ಸಾಹುಕಾರರು ಮೊದಲ ತೆಂಗಿನಕಾಯಿಯನ್ನು ಅವನ ಉಡಿಗೆ ಹಾಕಿ, "ನಿನ್ನ ಕೈಯಾಗ ದೇವರು ಮೂಡ್ಯಾನಲೇ" ಎಂದರು. ಆ ಮಾತು ಸುತ್ತಲ ಹಳ್ಳಿಗಳಿಗೆ ಹರಡಿತು. ಸಿರುಗುಪ್ಪದಿಂದ, ದೇಶನೂರಿನಿಂದ ಗಿರಣಿಯವರು, ಪಂಪಿನವರು ಜಡೆಪ್ಪನ ಶೆಡ್ಡು ಕೇಳಿಕೊಂಡು ಬಂದರು. ಹತ್ತು ವರ್ಷದಲ್ಲಿ ತಗಡಿನ ಶೆಡ್ಡು ಕಲ್ಲಿನ ಕಟ್ಟಡವಾಯಿತು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಮರುವರ್ಷ ದೇಶನೂರಿನ ಒಂದು ಇಂಜಿನ್ ಏರಿಸಲು ಅವನು ಹೊರಟಾಗ ತಿಪ್ಪೇರುದ್ರಪ್ಪ ಎಲೆಅಡಿಕೆ ಹಾಕಿಕೊಳ್ಳುತ್ತ ಸುಮ್ಮನೆ ಅಂದಿದ್ದರು: "ಗ್ವಾಡಿ ಜಾಸ್ತಿ ಕೊರೀಬ್ಯಾಡ ಜಡೆಪ್ಪ. ತಲಿಯಿಂದ ಬುಡದ ತನಕ ಹೊರಗಡೆ ಉಕ್ಕಿನ ಸರಳು ಕೊಟ್ಟು ಬಿಗಿದ್ರ ಹೆಗಲ ಮ್ಯಾಲಿನ ಭಾರ ಕಮ್ಮಿ ಆಗಾಂಗಿಲ್ಲೇನು?" ಜಡೆಪ್ಪ ಹಾಗೆಯೇ ಮಾಡಿದ. ಆಮೇಲಿನ ಎಲ್ಲ ಇಂಜಿನ್‌ಗಳಿಗೂ ನಾಲ್ಕು ಸರಳು ಕೊಟ್ಟ. ಒಂದೂ ಒಡೆಯಲಿಲ್ಲ. ಜಡೆಪ್ಪನ ಸರಳು ಎಂದೇ ಅದಕ್ಕೆ ಹೆಸರಾಯಿತು, ಮತ್ತು ಕಾಲ ಕಳೆದಂತೆ ಅದು ತನಗೇ ಹೊಳೆದದ್ದು ಎಂದು ಜಡೆಪ್ಪ ಪ್ರಾಮಾಣಿಕವಾಗಿ ನಂಬಿದ. ಬಾದನಹಟ್ಟಿಯ ಇಂಜಿನ್‌ಗೂ ಕೊಡುತ್ತೇನೆ ಎಂದು ಒಮ್ಮೆ ಹೋಗಿದ್ದ. "ಸ್ವಾಮಿ ಮೂಡಿದ ಮ್ಯಾಲ ಕೈ ಹಚ್ಚಬಾರದು" ಎಂದು ಸಾಹುಕಾರರು ಊಟ ಹಾಕಿ ಕಳಿಸಿದ್ದರು.

1970ರ ಬೇಸಿಗೆಯಲ್ಲಿ ತಿಪ್ಪೇರುದ್ರಪ್ಪ ತೀರಿಕೊಂಡರು. ಗಿರಣಿ ಅವರ ಹೆಂಡತಿ ದಾಕ್ಷಾಯಣಮ್ಮನ ಕೈಗೆ ಬಂತು. ಭತ್ತದ ಕಾಳನ್ನು ಹಲ್ಲಿಗಿಟ್ಟು ಕಡಿದು, ಇನ್ನೂ ಎರಡು ಬಿಸಿಲು ಬೇಕು ಎಂದು ಹೇಳುವ ಹೆಂಗಸು. ರೈತರು ಅವರ ಮುಂದೆ ಹಸಿ ಭತ್ತ ತರಲು ಹೆದರುತ್ತಿದ್ದರು.

1974ರ ಭಾದ್ರಪದದಲ್ಲಿ ಅವರು ಜಡೆಪ್ಪನಿಗೆ ಹೇಳಿ ಕಳಿಸಿದರು. ಅವತ್ತು ಅವನು ಒಂದು ಲಾರಿಯ ಬ್ಲಾಕಿಗೆ ಸೀಮೆಸುಣ್ಣ ಹಚ್ಚುತ್ತಿದ್ದವನು ಅರ್ಧಕ್ಕೇ ಎದ್ದು, ಕೈಯನ್ನು ಪಂಚೆಗೆ ಒರೆಸಿಕೊಂಡು ಕುರುಗೋಡಿನ ಬಸ್ಸು ಹತ್ತಿದ. ಗಿರಣಿಗೆ ಬರುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಇಂಜಿನ್ ನೋಡಿಕೊಳ್ಳುವ ಜಂಬಣ್ಣ ಹೊಟ್ಟಿನ ಧೂಳಿನಲ್ಲಿ ಹುಬ್ಬು ಬೆಳ್ಳಗೆ ಮಾಡಿಕೊಂಡು ನಿಂತಿದ್ದ.

ದಾಕ್ಷಾಯಣಮ್ಮ ಸುತ್ತಿಬಳಸಿ ಮಾತಾಡುವವರಲ್ಲ. "ಜಡೆಪ್ಪ, ಕಾಲುವಿ ನೀರು ಬಂದು ಊರಾಗಿನ ನೆಲ್ಲು ಎಲ್ಡರಷ್ಟಾಗೈತಿ. ಸಿರುಗುಪ್ಪದಾಗ ಕರೆಂಟಿನ ಗಿರಣಿ ಬಂದಾವ. ನಮ್ಮೂರ ಬಂಡಿ ನಮ್ಮ ಬಾಗಲ ಮುಂದೇ ಹಾದು ಅಲ್ಲಿಗೆ ಹೋಗ್ತಾವ. ಸುಗ್ಗಿಗೆ ನೆಲ್ಲು ಸುಲಿಯಾಕ ಇನ್ನೊಂದು ಹಲ್ಲರ್ ಕುಂದ್ರಸ್ತೀನಿ. ಎಲ್ಡೂ ಕೂಡಿ ನಡಿಯಾಕ ಇಪ್ಪತ್ತೈದು ಎಚ್‌ಪಿ ಬೇಕಂತ. ಮಾಡಿಕೊಡು. ಆಗಲಿಲ್ಲಂದ್ರ ಗಿರಣಿ ಬಾಗಲು ಹಾಕೋದೇ."

"ಆಗಲಾರದ್ದು ಏನೈತ್ರಿ ಅಕ್ಕಾರ" ಎಂದು ಜಡೆಪ್ಪ ಮೀಸೆಯ ಮೇಲೆ ಕೈ ಹಾಕಿದ. ಆ ಮಾತು ಅವನ ಬಾಯಿಂದ ಯಾವಾಗಲೂ ತಾನಾಗಿಯೇ ಬರುತ್ತಿತ್ತು.

ಸಂಜೆ ಜಂಬಣ್ಣ ಇಂಜಿನ್ ನಿಲ್ಲಿಸಿದ. ದಾಕ್ಷಾಯಣಮ್ಮ ಕೈಕಾಲು ತೊಳೆದು ಬಂದು, ಒದ್ದೆಬಟ್ಟೆಯಿಂದ ಇಂಜಿನ್ನಿನ ಹೆಗಲು ಒರೆಸಿ, ವಿಭೂತಿ ಎಳೆದರು. ವರ್ಷಕ್ಕೊಮ್ಮೆ ಆಯುಧಪೂಜೆಯ ಬೆಳಿಗ್ಗೆ ಮಾತ್ರ ಬಂದು ನೋಡುತ್ತಿದ್ದ ಜಡೆಪ್ಪನಿಗೆ ಆಶ್ಚರ್ಯವಾಯಿತು. "ಬೆಳಿಗ್ಗೆ ಹಚ್ಚತಿದ್ರಲ್ರಿ?" ಎಂದ.

"ಈಗ ಸಂಜೀಕೇ ಹಚ್ಚತೀನಿ" ಎಂದು ಅವರು ಮುಖ ತಿರುಗಿಸಿದರು.

ಅಷ್ಟರಲ್ಲಿ ಗೆರೆ ಮೂಡತೊಡಗಿತು. ಜಂಬಣ್ಣ ಕೈಮುಗಿದ. ರೂಢಿಯಂತೆ ಜಡೆಪ್ಪನೂ ಎರಡೂ ಕೈ ಎತ್ತಿದ. ಎತ್ತಿದ ಕೈಗಳನ್ನು ನೋಡಿದ. ಬೆರಳ ಸಂದಿಯಲ್ಲಿ ಬೆಳಗಿನ ಸೀಮೆಸುಣ್ಣ ಇನ್ನೂ ಬೆಳ್ಳಗೆ ಉಳಿದಿತ್ತು. ಎದುರಿಗೆ ವಿಭೂತಿಯೂ ಅಷ್ಟೇ ಬೆಳ್ಳಗಿತ್ತು. ಅದರ ಮೇಲೆ ಕಪ್ಪು ಗೆರೆ, ಅಂಗಡಿಯಲ್ಲಿ ನೂರಾರು ಬ್ಲಾಕುಗಳ ಸೀಮೆಸುಣ್ಣದ ಮೇಲೆ ಇಳಿದ ಹಾಗೆಯೇ, ಅವಸರವಿಲ್ಲದೆ ಇಳಿಯುತ್ತಿತ್ತು.

ಮುಗಿದ ಕೈ ಹಾಗೆಯೇ ಉಳಿಯಿತು, ಕೆಳಗಿಳಿಸುವುದು ತಿಳಿಯಲಿಲ್ಲ. ತಾನು ಹನ್ನೊಂದು ವರ್ಷ ತಪ್ಪದೆ ಬಂದು ಕೈಮುಗಿದದ್ದು, ತೆಂಗಿನಕಾಯಿ ಉಡಿಗೆ ಹಾಕಿಸಿಕೊಂಡದ್ದು, ಈ ಹಾಳು ಬಿರುಕಿಗೆ. ತಾನೇ ಗೋಡೆ ಕೊರೆದು, ತಾನೇ ಡೀಸೆಲ್ ಕುಡಿಸಿ, ತಾನೇ ಒಡೆದ ಇಂಜಿನ್ ಇದು. ಪೂಜೆಯ ಬೂದಿ ಎಂದ ಕೂಡಲೇ ಅವನ ಮೇಸ್ತ್ರಿಯ ಕಣ್ಣು ಮುಚ್ಚಿಹೋಗಿತ್ತು. ಹಚ್ಚಿದ್ದು ಸೀಮೆಸುಣ್ಣವಾಗಿದ್ದರೆ ಅರ್ಧ ಗಳಿಗೆಯಲ್ಲಿ ಬೈದು ಎದ್ದಿರುತ್ತಿದ್ದ.

"ನಾಳೆ ಬರ್ತೀನ್ರಿ" ಎಂದಷ್ಟೇ ಹೇಳಿ ಕೊನೆಯ ಬಸ್ಸು ಹಿಡಿದ.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಲೆಕ್ಕಾಚಾರ. ಇಂಜಿನ್ ಬಹಳ ಹಳತಾಯಿತು, ಇದು ತಡೆಯುವುದಿಲ್ಲ, ಬಿಟ್ಟುಬಿಡಿ ಎಂದು ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಅವನ ಹೆಸರು ಉಳಿಯುತ್ತದೆ. ದಾಕ್ಷಾಯಣಮ್ಮ ಗಿರಣಿ ಮುಚ್ಚುತ್ತಾರೆ. ಇಲ್ಲವೇ, ಇದ್ದಂತೆಯೇ ನಡೆಸುತ್ತಾರೆ. ಹಾಗೆ ನಡೆಸಿದರೆ ಒಂದು ದಿನ ತುಂಬಿದ ಸುಗ್ಗಿಯಲ್ಲಿ ಆ ಹೆಗಲು ಬಿಟ್ಟುಕೊಂಡು ಮಣ ಭಾರದ ಕಬ್ಬಿಣ ಮೇಲಕ್ಕೆ ಹಾರುತ್ತದೆ. ನಿಜ ಹೇಳಿದರೆ? ಜಡೆಪ್ಪನ ಮೊದಲ ಇಂಜಿನ್ನೇ ಒಡೆದಿತ್ತಂತೆ, ಅದಕ್ಕೆ ದೇವರ ಹೆಸರು ಇಟ್ಟಿದ್ದನಂತೆ ಎಂದು ಸಿರುಗುಪ್ಪದ ತನಕ ಜನ ನಗುತ್ತಾರೆ. ಸಾಯುವುದಕ್ಕಿಂತ ಕಷ್ಟ ಅದು ಎಂದು ಅವನಿಗೆ ಆಗ ಅನಿಸಿತು.

ಸತ್ಯನಾರಾಯಣಪೇಟೆಯ ಮನೆಯಲ್ಲಿ ಹೆಂಡತಿ ಪಕ್ಕೀರಮ್ಮ ರೊಟ್ಟಿ ಹಾಕಿಟ್ಟಳು. ಅವನು ಮುರಿಯಲಿಲ್ಲ. ಕೇಳಿದ ಮೇಲೆ ಎಲ್ಲ ಹೇಳಿದ. ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಆ ಇಂಜಿನ್ ಬಾಜೂಕ ದಿನಾ ನಿಂತಿರೋರು ಯಾರು?" ಎಂದು ಕೇಳಿದಳು.

"ಜಂಬಣ್ಣ."

"ಮಕ್ಕಳದಾವೇನು?"

"ಮೂರು."

ಅವಳು ಮಜ್ಜಿಗೆ ಬಗ್ಗಿಸಿ ಲೋಟವನ್ನು ಅವನ ಮುಂದಿಟ್ಟು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಗಿರಣಿಯ ಕಟ್ಟೆಯ ಮೇಲೆ ದಾಕ್ಷಾಯಣಮ್ಮ ನುಚ್ಚು ಕೇರುತ್ತಿದ್ದರು. ಜಡೆಪ್ಪ ಕೂರಲಿಲ್ಲ, ನಿಂತೇ ಹೇಳಿದ. "ಅಕ್ಕಾರ, ಅದು ದೇವರ ಗೆರಿ ಅಲ್ರಿ. ಬಿರುಕು. ನಾನು ಗ್ವಾಡಿ ಕೊರದು ತೆಳ್ಳಗ ಮಾಡಿ, ಮ್ಯಾಲ ಭಾರ ಹೇರಿದ್ದಕ್ಕ ಬಿಟ್ಟೈತಿ. ಒಳಗಿನ ಎಣ್ಣಿ ಜಿನುಗಿ ವಿಭೂತಿ ಮ್ಯಾಲ ಕಾಣ್ತೈತಿ. ನಾನೇ ಒಡದೀನಿ. ನನಗ ತಿಳೀಲಿಲ್ಲ. ಹನ್ನೊಂದು ವರ್ಷ ತಿಳೀಲಿಲ್ಲ."

ಮೊರ ನಿಂತಿತು. ಪಕ್ಕದಲ್ಲಿದ್ದ ಜಂಬಣ್ಣ ಸಿಡಿದೆದ್ದ. "ಏನ್ ಮಾತಾಡ್ತಿ ಮೇಸ್ತ್ರಿ? ನನ್ನ ಹೆಂಡ್ತಿ ಹೆರಿಗಿ ಮುಂಚೆ ಈ ಗೆರಿಗೆ ಹರಕಿ ಹೊತ್ತಾಳ. ಊರಾಗ ಇದನ್ನ ಹೇಳಿ ನೋಡು, ನಿನ್ನ ಮರ್ಯಾದಿ ಉಳೀತೈತೇನು?"

"ಉಳಿಯೂದಿಲ್ಲ" ಎಂದ ಜಡೆಪ್ಪ. "ನೀನು ಉಳಿಬೇಕಲ್ಲಲೇ."

ಜಂಬಣ್ಣ ಇಂಜಿನ್ನಿನ ಕಡೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಬೈದರೆ ಸಾಕು ಅನ್ನುವ ಸ್ಥಿತಿಗೆ ಜಡೆಪ್ಪ ಬಂದಿದ್ದ. ದಾಕ್ಷಾಯಣಮ್ಮ ಮೊರ ಪಕ್ಕಕ್ಕಿಟ್ಟರು.

"ಒಬ್ಬನೇ ಎಲ್ಲಾ ತಪ್ಪು ಹೊತ್ತುಕೊಂಡು ಹೋಗಬ್ಯಾಡ, ನಂದೂ ಐತಿ. ಅವರು ಇದ್ದಾಗ ಬೆಳಿಗ್ಗೆ ಹಚ್ಚೋರು. ಭಾರ ಜಾಸ್ತಿ ಬಿದ್ದ ದಿನ ಮಧ್ಯಾಹ್ನಕ್ಕೇ ಗೆರಿ ಮೂಡೋದು, ಕೆಲಸ ಬಂದ್. ಹದಾ ನೋಡಿ ನಡೆಸಿದ್ರ ಸಂಜೀತನ ಮೂಡ್ತಿರಲಿಲ್ಲ. ಅವರು ಹೋದ ಮ್ಯಾಲ ನೆಲ್ಲು ಜಾಸ್ತಿ ಬಂತು. ಬಾಗಲಾಗ ಬಂಡಿ ನಿಂತಿರುವಾಗ ಹೆಂಗ ಬಂದ್ ಮಾಡ್ಲಿ? ಅದಕ್ಕ ಪೂಜಿನೇ ಸಂಜೀಕ ಇಟ್ಟೆ. ಕೆಲಸ ಮುಗಿದ ಮ್ಯಾಲ ಮೂಡಿದ್ರ ಯಾರಿಗೇನು ತ್ರಾಸು? ದೇವರಿಗೇ ಟೋಪಿ ಹಾಕೀನಿ ಅಂತ ನಾಲ್ಕು ವರ್ಷದಿಂದ ಒಳಗೊಳಗ ಅಂಜಿಕಿ."

ಅವರು ನಗಲು ನೋಡಿದರು, ಆಗಲಿಲ್ಲ. ಏನೋ ನೆನಪಾದವರಂತೆ ಹುಬ್ಬು ಗಂಟಿಕ್ಕಿದರು.

"ಒಂದು ಮಾತು ಜಡೆಪ್ಪ. ಅವರು ಗೆರಿ ಮೂಡಿದಾಗೆಲ್ಲಾ ಮುಟ್ಟಿ ಬೆರಳು ಮೂಗಿಗೆ ಹಿಡಕೊಳ್ಳೋರು. ಎಲ್ಲಾರೂ ಕಣ್ಣಿಗೊತ್ತಿಕೊಳ್ತಾರ ಅಂತ ತಿಳಿದಿದ್ರು. ನಾನು ಬಾಜೂಕ ನಿಂತಿರತಿದ್ನಲ್ಲ, ನನಗ ಗೊತ್ತು. ಮೂಸಿ ನೋಡೋರು. ದೇವರನ್ನ ಯಾರಾದ್ರೂ ಮೂಸ್ತಾರೇನ್ರಿ ಅಂತ ನಗತಿದ್ದೆ. ಅವರು ನಗತಿರಲಿಲ್ಲ."

ದಾಕ್ಷಾಯಣಮ್ಮ ಎದ್ದು ಸೆರಗು ಬಿಗಿದರು. "ಬಣ್ಣ ಕೆರಿ. ಏನೈತಿ ನೋಡೇಬಿಡೋಣ."

ಆ ಇಂಜಿನ್‌ಗೆ ಪ್ರತಿ ಆಯುಧಪೂಜೆಯ ಮರುದಿನ ತಿಪ್ಪೇರುದ್ರಪ್ಪ ತಾವೊಬ್ಬರೇ ಬಾಗಿಲು ಹಾಕಿಕೊಂಡು ಹಸಿರು ಬಣ್ಣ ಹೊಡೆಯುತ್ತಿದ್ದರು. ಅದೂ ಅವರ ಭಕ್ತಿಯ ಲೆಕ್ಕಕ್ಕೇ ಸೇರಿತ್ತು. ಬಣ್ಣದ ಮೇಲೆ ಬಣ್ಣ ಕೂತು ಹೆಗಲು ದಪ್ಪವಾಗಿತ್ತು. ಜಡೆಪ್ಪ ಮಂಡಿಯೂರಿ ಕೂತು ಮೊಂಡು ಉಳಿಯಿಂದ ಮೆಲ್ಲಗೆ ಕೆರೆದ. ಹಸಿರು ಪೊರೆಗಳು ಕಳಚಿ ಬಿದ್ದವು. ಕೆಳಗೆ ಬೂದುಬಣ್ಣದ ಬೀಡು ಕಬ್ಬಿಣ ಕಂಡಿತು, ಕೂದಲೆಳೆಯಂಥ ಬಿರುಕೂ ಕಂಡಿತು. ಬಿರುಕನ್ನು ಹಿಂಬಾಲಿಸುತ್ತ ಉಳಿ ಕೆಳಗಿಳಿಯಿತು. ಒಂದು ಕಡೆ ಅದರ ತುದಿ ಬಿರುಕಿನ ಪಕ್ಕದ ಸಣ್ಣ ಕುಳಿಗೆ ತಾಗಿ ನಿಂತಿತು.

ಅವನು ಬೆರಳಿನಿಂದ ತಿಕ್ಕಿದ. ಚುಕ್ಕೆ. ಪಂಚಿನಿಂದ ಹೊಡೆದ, ಗುಂಡನೆಯ, ಶಿಸ್ತಾದ ಚುಕ್ಕೆ. ಎರಡು ಭತ್ತದ ಕಾಳಿನಷ್ಟು ಕೆಳಗೆ ಇನ್ನೊಂದು. ಅಲ್ಲಿಂದ ಒಂದು ಕಾಳಿನ ಅಂತರದಲ್ಲಿ ಮತ್ತೊಂದು. ಆಮೇಲಿನ ನಾಲ್ಕು ಹೆಚ್ಚುಕಡಿಮೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅವನು ಎಣಿಸಿದ. ನಂಬಿಕೆ ಬರದೆ ಮತ್ತೆ ಎಣಿಸಿದ. ಏಳು. ಅರವತ್ಮೂರರಿಂದ ಅರವತ್ತೊಂಬತ್ತರ ತನಕ ಏಳು ಆಯುಧಪೂಜೆ.

ಎಲ್ಲ ಒಟ್ಟಿಗೇ ತಿಳಿಯಿತು. ಸಾಹುಕಾರರಿಗೆ ಮೊದಲ ದಿನವೇ ಗೊತ್ತಾಗಿತ್ತು. ಬೆರಳು ಮೂಸಿದ ಕೂಡಲೇ ಎಣ್ಣೆಯ ವಾಸನೆ ಗೊತ್ತಾಗಿತ್ತು. ಅಂದು ತನ್ನ ಮುಖ ನೋಡಿದ್ದು ಅದಕ್ಕೆ. ಶೆಡ್ಡು ಹಾಕಿ ಮೂರು ತಿಂಗಳಾದ ಒಬ್ಬ ಹುಡುಗನ ಮೊದಲ ಕೆಲಸ ಊರೆಲ್ಲರ ಮುಂದೆ ಒಡೆದಿತ್ತು; ಒಡೆದಿದೆ ಎಂದು ಒಂದು ಮಾತು ಅಂದಿದ್ದರೆ ಅವತ್ತಿಗೇ ಅವನ ಶೆಡ್ಡು ಮುಚ್ಚುತ್ತಿತ್ತು. ಅವರು ಬಿರುಕಿಗೆ ದೇವರ ಹೆಸರಿಟ್ಟರು. ದೇವರ ಹೆಸರಿನಲ್ಲಿ ಕೆಲಸ ನಿಲ್ಲಿಸುವ ಕಟ್ಟಳೆ ಮಾಡಿದರು. ಇಪ್ಪತ್ತು ಎಚ್‌ಪಿಯ ಇಂಜಿನ್ನನ್ನು ಏಳು ವರ್ಷ ಹನ್ನೆರಡು ಎಚ್‌ಪಿಯಷ್ಟೇ ಭಾರ ಹಾಕಿ ನಡೆಸಿದರು. ಅವನೇ ಕಲಿಸಿದ ವಿದ್ಯೆಯಿಂದ ವರ್ಷಕ್ಕೊಂದು ಚುಕ್ಕೆ ಹೊಡೆದು ಬಿರುಕನ್ನು ಕಾದರು, ಯಾರಿಗೂ ಕಾಣದಂತೆ ಬಣ್ಣ ಬಳಿದರು. ಮುಂದಿನ ಇಂಜಿನ್‌ಗಳು ಒಡೆಯದಿರಲಿ ಎಂದು ಸರಳಿನ ಮಾತನ್ನು ಎಲೆಅಡಿಕೆಯ ಜೊತೆಗೆ ಸುಮ್ಮನೆ ಅವನ ಕಿವಿಗೆ ಹಾಕಿದರು. ಸುತ್ತಲಿನ ಊರುಗಳಲ್ಲಿ ಅವನ ಹೆಸರೆಂದು ಇದ್ದದ್ದೆಲ್ಲ ಅವರು ಬಾಯಿ ಬಿಡದೆ ಕೊಟ್ಟದ್ದು.

ಜಡೆಪ್ಪ ಇಂಜಿನ್ನಿಗೆ ಹಣೆ ಹಚ್ಚಿ ಅತ್ತ. ನಲವತ್ತರ ಗಂಡಸು, ಜಂಬಣ್ಣನ ಎದುರಿಗೆ, ನಾಚಿಕೆಯಿಲ್ಲದೆ ಅತ್ತ. ದಾಕ್ಷಾಯಣಮ್ಮನಿಗೆ ಚುಕ್ಕೆಗಳ ಅರ್ಥ ಅವನೇ ಹೇಳಬೇಕಾಯಿತು. ಅವರು ಏಳು ಚುಕ್ಕೆಗಳನ್ನೂ ಒಂದೊಂದಾಗಿ ಮುಟ್ಟಿದರು. ಏಳನೆಯದರ ಕೆಳಗೆ ಬಿರುಕು ಯಾವ ಚುಕ್ಕೆಯೂ ಇಲ್ಲದೆ ನಾಲ್ಕು ಬೆರಳು ಉದ್ದ ಓಡಿತ್ತು.

"ಇದು ನಾನು ಸಂಜೀಕ ಹಚ್ಚಿದ ನಾಲ್ಕು ವರ್ಷದ್ದು" ಎಂದರು. "ನನಗೂ ಹೇಳಲಿಲ್ಲ ನೋಡು. ಹೇಳಿದ್ರ ನನ್ನ ಬಾಯಾಗ ನಿಲ್ಲೂದಿಲ್ಲ ಅಂತ ಗೊತ್ತಿತ್ತು ಅವರಿಗೆ."

ಬಂಡಿ ಕಟ್ಟಿ ಇಂಜಿನ್ನನ್ನು ಬಳ್ಳಾರಿಗೆ ತಂದರು. ಮುಂದಿನ ನಾಲ್ಕು ವಾರ ಜಡೆಪ್ಪ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಬೀಡು ಕಬ್ಬಿಣದ ಸ್ವಭಾವ ವಿಚಿತ್ರವಾದದ್ದು. ಅದನ್ನು ಎಷ್ಟು ಬೇಕಾದರೂ ಒತ್ತಬಹುದು, ತಡೆದುಕೊಳ್ಳುತ್ತದೆ; ಎಳೆದರೆ ಮಾತ್ರ ಒಡೆಯುತ್ತದೆ. ಒಳಗೆ ಉರಿ ಸ್ಫೋಟವಾದಾಗಲೆಲ್ಲ ಮೇಲಿನ ತಲೆ ಹೆಗಲನ್ನು ಎಳೆಯುತ್ತದೆ. ಬಲ ಹೆಚ್ಚಿದಷ್ಟೂ ಎಳೆತ ಹೆಚ್ಚು. ಎಳೆತವನ್ನು ಹೊರುವುದಕ್ಕೆ ಬೇರೆ ಯಾರಾದರೂ ಬೇಕು.

ಬಿರುಕಿನ ಎರಡೂ ತುದಿಗೆ ಅವನು ತೂತು ಕೊರೆದು ಅದು ಮುಂದೆ ಓಡದಂತೆ ಕಟ್ಟಿಹಾಕಿದ. ಉದ್ದಕ್ಕೂ ಒಂದಕ್ಕೊಂದು ತಾಗುವಂತೆ ಮೆತ್ತನೆ ಕಬ್ಬಿಣದ ಸ್ಕ್ರೂಗಳನ್ನು ಕೂರಿಸಿ, ತಲೆ ಕತ್ತರಿಸಿ, ಪಕ್ಕದ ಏಳು ಚುಕ್ಕೆಗಳು ಅಳಿಯದಂತೆ ಸುತ್ತಿಗೆಯಲ್ಲಿ ಸಣ್ಣಗೆ ಬಡಿದು ಹೊಲಿಗೆ ಹಾಕಿದ. ಹಿಂದೆ ತಾನು ಕೊರೆದು ತೆಳ್ಳಗೆ ಮಾಡಿದ್ದ ಸಿಲಿಂಡರಿನ ಒಳಗೆ ಲೈನರ್ ಎಂಬ ಗಟ್ಟಿ ಕಬ್ಬಿಣದ ಕೊಳವೆ ಇಳಿಸಿ, ಮೊದಲಿನ ಅಳತೆಯ ಪಿಸ್ಟನ್ನನ್ನೇ ಕೂರಿಸಿ, ಕಮ್ಮಿಯಾದ ಬಲ ತುಂಬಲು ಇಂಜಿನ್ನಿನ ವೇಗ ಹೆಚ್ಚಿಸಿದ. ಕೊನೆಗೆ ಹೆಬ್ಬೆರಳು ಗಾತ್ರದ ನಾಲ್ಕು ಉಕ್ಕಿನ ಸರಳುಗಳನ್ನು ತಲೆಯಿಂದ ಬುಡದ ತನಕ ಹೊರಗಿನಿಂದ ಕೊಟ್ಟು, ನಾಲ್ಕನ್ನೂ ಸಮನಾಗಿ, ಸುತ್ತಿಗೆ ತಾಗಿಸಿದರೆ ಒಂದೇ ನಾದ ಬರುವ ತನಕ ಬಿಗಿದ. ಈಗ ಬ್ಲಾಕು ಎರಡು ಕಡೆಯಿಂದ ಒತ್ತಿ ಹಿಡಿದಂತೆ ನಿಂತಿತ್ತು, ಎಳೆತವೆಲ್ಲ ಸರಳಿನ ಪಾಲಿಗೆ ಹೋಗಿತ್ತು. ಸರಳು ನೋಡಿದ ಗಿರಾಕಿಯೊಬ್ಬ ಎಂದಿನಂತೆ, "ಜಡೆಪ್ಪನ ಸರಳು ಕೊಟ್ರೇನು?" ಎಂದು ಕೇಳಿದ. "ಬಾದನಹಟ್ಟಿ ತಿಪ್ಪೇರುದ್ರಪ್ಪ ಸಾವ್ಕಾರ್ರ ಸರಳು" ಎಂದ ಜಡೆಪ್ಪ. ಕೇಳಿದವನಿಗೆ ಕತೆಯನ್ನೂ ಪೂರಾ ಹೇಳಿದ. ಮರುದಿನ ಇನ್ನೊಬ್ಬನಿಗೆ ಹೇಳಿದ. ಕೆಲವರು ನಕ್ಕರು, ದೇಶನೂರಿನ ಒಬ್ಬ ಪಂಪಿನವನು ಕೆಲಸ ಬೇರೆಯವರಿಗೆ ಕೊಟ್ಟ. ಜಡೆಪ್ಪನಿಗೆ ನೋವಾಯಿತು, ಆದರೆ ಮೈ ಹಗುರಾಗಿತ್ತು.

ದಾಕ್ಷಾಯಣಮ್ಮ ಬಂದು ಇಂಜಿನ್ ನೋಡಿ, "ಇಪ್ಪತ್ತೈದು ಬಂತೇನು?" ಎಂದರು.

"ಇಪ್ಪತ್ತೆರಡು. ಅದರ ಮ್ಯಾಲ ಕೇಳಬ್ಯಾಡ್ರಿ ಅಕ್ಕಾರ, ನಾ ಮಾಡೂದಿಲ್ಲ. ಎಲ್ಡೂ ಹಲ್ಲರ್ ನಡೀತಾವ, ಎಲ್ಡಕ್ಕೂ ಬಾಯ್ತುಂಬ ಸುರಿಬಾರದು ಅಷ್ಟ." ಆಗಲಾರದ್ದು ಏನಿದೆ ಎನ್ನುವ ತನ್ನ ಮಾತು ಈ ಸಲ ತಾನಾಗಿ ಬಾಯಿಗೆ ಬರಲಿಲ್ಲ ಎಂಬುದನ್ನು ಅವನೂ ಗಮನಿಸಿದ. ದಾಕ್ಷಾಯಣಮ್ಮ ಚೌಕಾಸಿ ಮಾಡಲಿಲ್ಲ.

ಆಯುಧಪೂಜೆಯ ದಿನ ಬಾದನಹಟ್ಟಿಯ ಗಿರಣಿಯಲ್ಲಿ ಹನ್ನೊಂದು ವರ್ಷದ ಹಿಂದಿನಷ್ಟೇ ಜನ ಸೇರಿದ್ದರು. ಬಿರುಕಿನ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಜಡೆಪ್ಪ ಇಂಜಿನ್‌ಗೆ ಹೊಸ ಹಸಿರು ಬಣ್ಣ ಹೊಡೆದಿದ್ದ. ಏಳು ಚುಕ್ಕೆಗಳಿದ್ದ ಅಂಗೈಯಗಲದ ಜಾಗವನ್ನು ಮಾತ್ರ ಬರಿಯ ಕಬ್ಬಿಣವಾಗಿಯೇ ಬಿಟ್ಟಿದ್ದ. ದಾಕ್ಷಾಯಣಮ್ಮ ಬೆಳಿಗ್ಗೆಯೇ ಆ ಚುಕ್ಕೆಗಳ ಮೇಲೆ ಮೂರು ಬೆರಳು ವಿಭೂತಿ ಎಳೆದರು. ಜಂಬಣ್ಣ ಇಂಜಿನ್ ಚಾಲೂ ಮಾಡಿ ಎರಡೂ ಬೆಲ್ಟು ಏರಿಸಿದ.

ಎಲ್ಲರೂ ವಿಭೂತಿಯನ್ನೇ ನೋಡುತ್ತ ನಿಂತರು. ಹನ್ನೊಂದು ವರ್ಷ ಗೆರೆ ಮೂಡಲಿ ಎಂದು ಕಾದವರು ಈಗ ಮೂಡದಿರಲಿ ಎಂದು ಕಾಯುತ್ತಿದ್ದರು. ಬಂಡಿಯ ಮೇಲೆ ಬಂಡಿ ಭತ್ತ ಇಳಿಯಿತು. ಹೊತ್ತು ನೆತ್ತಿಗೆ ಬಂತು. ಮೂರು ಗೆರೆಗಳು ಬೆಳ್ಳಗೆ ಹಾಗೆಯೇ ಇದ್ದವು.

ದಾಕ್ಷಾಯಣಮ್ಮ ಮೊದಲ ತೆಂಗಿನಕಾಯಿ ತಂದರು. "ನನಗ ಬ್ಯಾಡ್ರಿ ಅಕ್ಕಾರ" ಎಂದು ಜಡೆಪ್ಪ ಹಿಂದೆ ಸರಿದ.

"ಉಡಿ ಒಡ್ಡು" ಎಂದರು ಅವರು. "ಅವರಿಗೆ ಆವತ್ತೂ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟಿದ್ರು."

ಜಡೆಪ್ಪ ಕಾಯಿಯನ್ನು ಉಡಿಗೆ ಹಾಕಿಸಿಕೊಂಡ. ಆಮೇಲೆ ಇಂಜಿನ್ನಿನ ಹತ್ತಿರ ಹೋಗಿ ಬಗ್ಗಿ, ಏಳನೆಯ ಚುಕ್ಕೆಯ ಮೇಲಿನ ವಿಭೂತಿಯನ್ನು ಬೆರಳಿನಿಂದ ಮುಟ್ಟಿದ. ಎಲ್ಲರೂ ನೋಡುತ್ತಿರುವಂತೆಯೇ ಬೆರಳನ್ನು ಮೂಗಿಗೆ ಹಿಡಿದು ಮೂಸಿದ. ಎಣ್ಣೆಯ ವಾಸನೆ ಇರಲಿಲ್ಲ. ಬರೀ ವಿಭೂತಿಯ ವಾಸನೆ ಇತ್ತು. ಅವನು ಆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಂಡ.